ಫೋನಿನಲ್ಲಿ ಚರ್ಮ ತೋರಿಸುವಾಗ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಊರಲ್ಲೇ ಕುಳಿತು ಫೋನಿನ ಮೂಲಕ ಚರ್ಮದ ವೈದ್ಯರಿಗೆ ತೋರಿಸುವುದರ ಬಗ್ಗೆ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಚರ್ಮದ ವೈದ್ಯರಿಗೆ ಫೋಟೋ ಕಳಿಸಿದ್ರೆ ‘ಸರಿ ಕಾಣಂಗಿಲ್ಲ, ಇನ್ನೊಮ್ಮೆ ತೆಗೀರಿ’ ಅಂತಾರ. ನನ್ನ ಫೋನ್ ಹೊಸದೇ ಅದ. ತಪ್ಪು ಎಲ್ಲಿ ಆಗ್ಲಿಕತ್ತದ?
– ಓದುಗರು, ಚಿಂಚೋಳಿ ತಾಲ್ಲೂಕು

ಉತ್ತರ: ಇಂಥ ಕಡೆ ಬಹಳ ಸಲ ಕೈಕೊಡುವುದು ಬೆಳಕು. ರಾತ್ರಿ ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಚರ್ಮವೆಲ್ಲ ಹಳದಿಯಾಗುತ್ತದೆ, ತಲೆಯ ಮೇಲಿನ ಟ್ಯೂಬ್‌ಲೈಟಿನಲ್ಲಿ ತೆಗೆದರೆ ನಿಮ್ಮದೇ ನೆರಳು ಕಲೆಯ ಮೇಲೆ ಬೀಳುತ್ತದೆ, ನಡು ಮಧ್ಯಾಹ್ನದ ನಮ್ಮ ಬಿಸಿಲಿನಲ್ಲಿ ತೆಗೆದರೆ ಗುಳ್ಳೆಯ ಉಬ್ಬು ತಗ್ಗು ಕಾಣದೆ ಎಲ್ಲ ಬೆಳ್ಳಗೆ ಹೊಳೆಯುತ್ತದೆ. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಪಡಸಾಲೆಯಲ್ಲಿ ತೆಗೆಯಿರಿ. ಫ್ಲ್ಯಾಶ್ ಬೇಡ. ಹೊಸ ಫೋನುಗಳಲ್ಲಿ ಇನ್ನೊಂದು ತೊಂದರೆ ಇದೆ: ಬ್ಯೂಟಿ ಮೋಡ್ ತಾನಾಗಿಯೇ ಕಲೆಗಳನ್ನು ಅಳಿಸಿ, ಬಣ್ಣ ತಿಳಿ ಮಾಡಿಬಿಡುತ್ತದೆ. ಅದನ್ನು ಆಫ್ ಮಾಡಿ, ಹಿಂಬದಿಯ ಕ್ಯಾಮೆರಾ ಬಳಸಿ. ಸೆಲ್ಫಿ ಬೇಡ, ಮನೆಯವರೊಬ್ಬರು ತೆಗೆಯಲಿ.

ಒಂದು ಜಾಗಕ್ಕೆ ಕನಿಷ್ಠ ಮೂರು ಫೋಟೋ ಬೇಕು. ಮೊದಲನೆಯದು ದೂರದಿಂದ: ಇಡೀ ಬೆನ್ನು, ಇಡೀ ಕಾಲು. ಕಲೆ ಎಲ್ಲೆಲ್ಲಿ ಇದೆ, ಎರಡೂ ಬದಿಗೆ ಸಮನಾಗಿ ಇದೆಯೋ ಒಂದೇ ಬದಿಗೋ ಎಂಬುದೇ ವೈದ್ಯರಿಗೆ ಅರ್ಧ ಉತ್ತರ. ಎರಡನೆಯದು ಒಂದು ಮೊಳ ದೂರದಿಂದ. ಮೂರನೆಯದು ಹತ್ತಿರದಿಂದ, ಪಕ್ಕದಲ್ಲಿ ಶಾಲೆಯ ಸ್ಕೇಲು ಇಲ್ಲವೆ ಐದು ರೂಪಾಯಿ ನಾಣ್ಯ ಇಟ್ಟು. ಹತ್ತಿರದ ಫೋಟೋಗೆ ಫೋನನ್ನು ಚರ್ಮಕ್ಕೆ ಅಂಟಿಸುವಷ್ಟು ತಂದರೆ ಫೋಕಸ್ ಕೂರುವುದಿಲ್ಲ. 20-30 ಸೆಂಟಿಮೀಟರ್ ದೂರ ಹಿಡಿದು, ಎರಡು ಪಟ್ಟು ಜೂಮ್ ಮಾಡಿ, ಪರದೆಯ ಮೇಲೆ ಕಲೆ ಇರುವಲ್ಲೇ ಬೆರಳಿಂದ ಒತ್ತಿ, ಉಸಿರು ಬಿಗಿ ಹಿಡಿದು ತೆಗೆಯಿರಿ. ಗುಳ್ಳೆ ಅಥವಾ ಗಂಟು ಇದ್ದರೆ ಓರೆಯಾಗಿ ಇನ್ನೊಂದು ಫೋಟೋ ಸೇರಿಸಿ, ಎಷ್ಟು ಎತ್ತರ ಇದೆ ಎಂದು ಅದರಲ್ಲಷ್ಟೇ ಗೊತ್ತಾಗುತ್ತದೆ. ಕೆಂಪು ಸೀರೆ, ಹಸಿರು ಗೋಡೆಗಳ ಬಣ್ಣ ಚರ್ಮದ ಮೇಲೆ ಮರಳಿ ಬೀಳುತ್ತದೆ. ಹಿಂದೆ ಬಿಳಿ ಅಥವಾ ಬೂದು ಬಟ್ಟೆ ಹಿಡಿಯಿರಿ.

ಎಣ್ಣೆ, ಅರಿಶಿಣ, ಮುಲಾಮು ಇದ್ದರೆ ನೀರಿನಿಂದ ತೊಳೆದು, ಒತ್ತಿ ಒರೆಸಿ, ಕಾಲು ಗಂಟೆ ಬಿಟ್ಟು ತೆಗೆಯಿರಿ. ಉಜ್ಜಬೇಡಿ. ಉಜ್ಜಿದರೆ ಕೆಂಪಾಗುತ್ತದೆ, ಮೇಲಿನ ಬಿಳಿ ಹೊಟ್ಟು ಉದುರಿಹೋಗುತ್ತದೆ. ಹೊಟ್ಟು ಇದೆಯೇ ಇಲ್ಲವೇ ಎಂಬುದರ ಮೇಲೆಯೇ ಎಷ್ಟೋ ರೋಗಗಳು ಬೇರೆಯಾಗುತ್ತವೆ.

ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ‘ಡಾಕ್ಯುಮೆಂಟ್’ ಎಂದು ಸೇರಿಸಿ ಕಳಿಸಿದರೆ ಮೂಲ ಫೋಟೋ ಹಾಗೆಯೇ ಹೋಗುತ್ತದೆ. ಫೋಟೋ ಜೊತೆ ನಾಲ್ಕು ಸಾಲು ಬರೆಯಿರಿ: ಎಷ್ಟು ದಿನದಿಂದ ಇದೆ, ಮೊದಲು ಎಲ್ಲಿ ಶುರುವಾಯಿತು, ತುರಿಕೆಯೋ ನೋವೋ ಮರಗಟ್ಟಿದೆಯೋ, ಮನೆಯಲ್ಲಿ ಬೇರೆಯವರಿಗೂ ಇದೆಯೇ, ಸಕ್ಕರೆ ಕಾಯಿಲೆ, ಗರ್ಭ, ಯಾವುದಾದರೂ ಔಷಧ ಮೈಗೆ ಆಗದಿರುವುದು ಇದೆಯೇ. ನಮ್ಮಂಥ ಕಪ್ಪು, ಎಣ್ಣೆಗಪ್ಪು ಮೈಬಣ್ಣದವರು ಇನ್ನೊಂದನ್ನು ಸೇರಿಸಬೇಕು. ಪುಸ್ತಕದಲ್ಲಿ ‘ಕೆಂಪು’ ಎಂದಿರುವುದು ನಮ್ಮ ಚರ್ಮದಲ್ಲಿ ಕಂದು ಅಥವಾ ನೇರಳೆಯಾಗಿ ಕಾಣುತ್ತದೆ. ಆದ್ದರಿಂದ ರೋಗವಿಲ್ಲದ ಪಕ್ಕದ ಚರ್ಮವೂ ಚೌಕಟ್ಟಿನಲ್ಲಿ ಇರಲಿ, ಹೋಲಿಸಿ ನೋಡಲು.

ಪ್ರಶ್ನೆ: ತೊಡೆ ಸಂದಿಯಲ್ಲಿ, ನಡದ ಸುತ್ತ ಹುಳುಕಡ್ಡಿ ಎದ್ದು ಎಂಟು ತಿಂಗಳಾಯಿತು. ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಟ್ಯೂಬು ಹಚ್ಚಿದರೆ ಎರಡೇ ದಿನಕ್ಕೆ ಆರಾಮ, ಬಿಟ್ಟರೆ ಮೊದಲಿಗಿಂತ ಜಾಸ್ತಿ. ಫೋಟೋ ನೋಡಿದ ವೈದ್ಯರು ‘ಯಾವ ಟ್ಯೂಬು ಹಚ್ಚಿದಿರಿ’ ಎಂದೇ ಕೇಳುತ್ತಿದ್ದಾರೆ. ಅದೇಕೆ ಮುಖ್ಯ?
– ಓದುಗರು, ಶಹಾಪುರ

ಉತ್ತರ: ನಿಮ್ಮ ಪತ್ರದಲ್ಲಿಯೇ ಕಾರಣ ಇದೆ. ಎರಡು ದಿನಕ್ಕೆ ತುರಿಕೆ ನಿಲ್ಲಿಸುವ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಬಹಳ. ಹುಳುಕಡ್ಡಿ ಎಂದರೆ ಶಿಲೀಂಧ್ರದ ಸೋಂಕು. ಅದರ ವಿರುದ್ಧ ಮೈ ಹೋರಾಡುವುದರಿಂದ ಕೆಂಪು, ತುರಿಕೆ ಬರುತ್ತವೆ. ಸ್ಟೀರಾಯ್ಡ್ ಆ ಹೋರಾಟವನ್ನು ಅಡಗಿಸುತ್ತದೆ. ತುರಿಕೆ ನಿಲ್ಲುತ್ತದೆ, ಆದರೆ ತಡೆಯುವವರಿಲ್ಲದೆ ಶಿಲೀಂಧ್ರ ಬೆಳೆಯುತ್ತಲೇ ಹೋಗುತ್ತದೆ. ಟ್ಯೂಬು ಬಿಟ್ಟ ದಿನ ಎಲ್ಲ ಒಟ್ಟಿಗೆ ಹೊರಬರುತ್ತದೆ. ಇನ್ನೊಂದು ಕಡೆ ಫೋಟೋ ನೋಡುವ ವೈದ್ಯರಿಗೂ ಮೋಸವಾಗುತ್ತದೆ. ಹುಳುಕಡ್ಡಿಯ ಗುರುತೇ ಉಬ್ಬಿದ ಅಂಚು, ನಡುವೆ ತಿಳಿಯಾದ ಉಂಗುರ. ಸ್ಟೀರಾಯ್ಡ್ ಹಚ್ಚಿದ ಕಡೆ ಅಂಚು ಅಳಿದು, ಉಂಗುರದೊಳಗೆ ಉಂಗುರ ಎದ್ದು, ಇಸಬಿನಂತೆ ಕಾಣುತ್ತದೆ. ಹಚ್ಚಿದ ಟ್ಯೂಬು ತೋರಿಸದಿದ್ದರೆ ಫೋಟೋ ಎಷ್ಟೇ ಚೆನ್ನಾಗಿದ್ದರೂ ತಪ್ಪು ದಾರಿ ಹಿಡಿಸಬಹುದು.

ಖಾಲಿ ಟ್ಯೂಬಾದರೂ ಬಿಸಾಡಬೇಡಿ. ಮುಂಬದಿಯ ದೊಡ್ಡ ಹೆಸರು ಕಂಪನಿಯದು, ಅದರಿಂದ ಏನೂ ತಿಳಿಯದು. ಹಿಂಬದಿಯ ಸಣ್ಣ ಅಕ್ಷರಗಳ ಫೋಟೋ ತೆಗೆಯಿರಿ. ಅಲ್ಲಿ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಕ್ಲೋಟ್ರಿಮಜೋಲ್, ಲುಲಿಕೊನಜೋಲ್, ಟರ್ಬಿನಾಫಿನ್ ಎಂದಿದ್ದರೆ ಶಿಲೀಂಧ್ರದ ಔಷಧ. ಕ್ಲೋಬೆಟಾಸೋಲ್, ಕ್ಲೋಟ್ರಿಮಜೋಲ್ ಹೆಸರುಗಳು ಒಂದೇ ತರಹ ಕೇಳಿಸುತ್ತವೆ, ಫೋನಿನಲ್ಲಿ ಬಾಯಿಮಾತಲ್ಲಿ ಹೇಳಿದರೆ ಅದಲು ಬದಲಾಗುತ್ತದೆ. ಹಲವು ಟ್ಯೂಬುಗಳಲ್ಲಿ ಎರಡೂ ಸೇರಿರುತ್ತವೆ, ಜೊತೆಗೆ ನಿಯೋಮೈಸಿನ್ ಎಂಬ ಇನ್ನೊಂದು. ಇಂಥ ಬೆರಕೆ ಟ್ಯೂಬುಗಳೇ ಹುಳುಕಡ್ಡಿಯನ್ನು ಈ ಮಟ್ಟಕ್ಕೆ ತಂದಿರುವುದು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ತಿಂಗಳುಗಟ್ಟಲೆ ತೊಡೆ ಸಂದಿಗೆ ಹಚ್ಚಿದವರಿಗೆ ಚರ್ಮ ತೆಳುವಾಗಿ ಬಸುರಿಯ ಹೊಟ್ಟೆಯ ಮೇಲಿನಂಥ ಬರೆಗಳು ಬೀಳುತ್ತವೆ. ಹುಳುಕಡ್ಡಿ ವಾಸಿಯಾದರೂ ಆ ಬರೆಗಳು ಹೋಗುವುದಿಲ್ಲ.

ಇನ್ನು ಮದ್ದಿನ ವಿಷಯ. ವೈದ್ಯರು ಮುಲಾಮಿನ ಜೊತೆ ಟರ್ಬಿನಾಫಿನ್ ಅಥವಾ ಇಟ್ರಾಕೊನಜೋಲ್ ಗುಳಿಗೆ ಬರೆಯಬಹುದು. ಈಗಿನ ಹುಳುಕಡ್ಡಿಗೆ ಕನಿಷ್ಠ ನಾಲ್ಕು ವಾರ, ಸ್ಟೀರಾಯ್ಡ್ ಹಚ್ಚಿಕೊಂಡವರಿಗೆ ಅದಕ್ಕೂ ಹೆಚ್ಚು ಬೇಕಾಗುವುದು ಸಾಮಾನ್ಯ. ಇಟ್ರಾಕೊನಜೋಲ್ ಮೈಗೆ ಹತ್ತಲು ಹೊಟ್ಟೆಯಲ್ಲಿ ಹುಳಿ ಬೇಕು. ಊಟದ ಮೇಲೆ ತೆಗೆದುಕೊಳ್ಳಿ. ಗ್ಯಾಸಿಗೆಂದು ದಿನಾ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಹೃದಯದ ತೊಂದರೆ, ಕೊಲೆಸ್ಟ್ರಾಲ್ ಗುಳಿಗೆ, ಲಿವರ್ ತೊಂದರೆ, ಗರ್ಭ ಇವನ್ನು ಮರೆಯದೆ ಹೇಳಿ. ಶಿಲೀಂಧ್ರದ ಈ ಗುಳಿಗೆಗಳನ್ನು ನೀವಾಗಿ ಕೊಂಡು ನುಂಗಬೇಡಿ.

ಮುಲಾಮಿನ ಅಳತೆಯಲ್ಲಿ ಬಹಳ ಮಂದಿ ತಪ್ಪುತ್ತಾರೆ. ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳು ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಾಲ್ಕು ಅಂಗೈಯಷ್ಟು ಹುಳುಕಡ್ಡಿ ಇದ್ದು ದಿನಕ್ಕೆ ಎರಡು ಸಲ ಹಚ್ಚಿದರೆ ದಿನಕ್ಕೆ ಎರಡು ಗ್ರಾಂ, 15 ಗ್ರಾಂ ಟ್ಯೂಬು ಒಂದು ವಾರಕ್ಕೆ ಮುಗಿಯಬೇಕು. ತಿಂಗಳಾದರೂ ಮುಗಿದಿಲ್ಲ ಎಂದರೆ ನೀವು ಹಚ್ಚುತ್ತಿರುವುದು ಸಾಲದು. ಕಾಣುವ ಅಂಚಿನಿಂದ ಎರಡು ಬೆರಳು ಆಚೆವರೆಗೂ ಹಚ್ಚಿ, ಹೊರಗಿನಿಂದ ಒಳಗೆ. ಕಲೆ ಮಾಯವಾದ ಮೇಲೆಯೂ ಎರಡು ವಾರ ಮುಂದುವರಿಸಿ.

ನಡದ ಸುತ್ತ ಎಂದು ಬರೆದಿದ್ದೀರಿ: ಉಡುದಾರ ಇದ್ದರೆ ಬಿಚ್ಚಿಡಿ. ಬೆವರಲ್ಲಿ ನೆನೆದ ಆ ದಾರದಲ್ಲಿಯೇ ಸೋಂಕು ಉಳಿದು ಮತ್ತೆ ಮತ್ತೆ ಏಳುತ್ತದೆ. ಶಾಸ್ತ್ರಕ್ಕೆ ಬೇಕೇ ಬೇಕು ಎನ್ನುವವರು ವಾಸಿಯಾದ ಮೇಲೆ ಹೊಸದನ್ನು ಕಟ್ಟಿಕೊಳ್ಳಲಿ. ಟವೆಲ್ ಪ್ರತಿಯೊಬ್ಬರಿಗೂ ಬೇರೆ ಇರಲಿ. ಒಳಉಡುಪನ್ನು ಒಳಮೈ ಹೊರಗಾಗಿ ತಿರುವಿ ಬಿಸಿಲಿಗೆ ಒಣಗಿಸಿ. ಬಿಗಿ ಜೀನ್ಸ್ ಬದಲು ಸಡಿಲ ಹತ್ತಿ ಬಟ್ಟೆ ಹಾಕಿ. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ಅದೇ ಕರೆಯಲ್ಲಿ ಅವರನ್ನೂ ತೋರಿಸಿ. ನಾಲ್ಕು ವಾರ ಸರಿಯಾಗಿ ಮದ್ದು ಮಾಡಿದರೂ ಹೋಗದಿದ್ದರೆ ಫೋನು ಸಾಲದು. ಅಂಚಿನ ಹೊಟ್ಟು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ.

ಪ್ರಶ್ನೆ: ಸರ್ಕಾರದ ಇ-ಸಂಜೀವಿನಿಯಲ್ಲಿ ಚರ್ಮಕ್ಕೆ ತೋರಿಸಬಹುದೇ? ನನ್ನ ಹತ್ತಿರ ದೊಡ್ಡ ಫೋನ್ ಇಲ್ಲ. ಅವರು ಬರೆದ ಚೀಟಿಗೆ ಅಂಗಡಿಯಲ್ಲಿ ಔಷಧ ಕೊಡುತ್ತಾರೆಯೇ?
– ಓದುಗರು, ಗುರುಮಠಕಲ್

ಉತ್ತರ: ತೋರಿಸಬಹುದು, ದುಡ್ಡು ಕೊಡಬೇಕಿಲ್ಲ. ಇ-ಸಂಜೀವಿನಿ ಎಂದರೆ ದೂರದಿಂದಲೇ ವೈದ್ಯರಿಗೆ ತೋರಿಸುವ ಸರ್ಕಾರಿ ಸೇವೆ. ಎರಡು ದಾರಿ ಇವೆ. ಸ್ಮಾರ್ಟ್‌ಫೋನ್ ಇದ್ದವರು ಮೊಬೈಲ್ ಸಂಖ್ಯೆ ಕೊಟ್ಟು, ಓಟಿಪಿ ಹಾಕಿ, ಫೋಟೋ ಮತ್ತು ಹಳೆಯ ಚೀಟಿ ಮೊದಲೇ ಅಪ್‌ಲೋಡ್ ಮಾಡಿ, ಟೋಕನ್ ಪಡೆದು ಸರದಿಯಲ್ಲಿ ಕಾಯುತ್ತಾರೆ. ಇಲ್ಲದವರು ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದರೆ ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿ ತಮ್ಮ ಉಪಕರಣದಿಂದ ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಜೋಡಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಒಳ್ಳೆಯದು: ಮುಟ್ಟಿ ನೋಡುವ, ಜ್ವರ ಅಳೆಯುವ ಒಬ್ಬರು ನಿಮ್ಮ ಪಕ್ಕದಲ್ಲಿ ಇರುತ್ತಾರೆ. ವೀಡಿಯೊದಲ್ಲಿ ಚರ್ಮ ಮಸುಕಾಗಿಯೇ ಕಾಣುತ್ತದೆ, ನೆಟ್‌ವರ್ಕ್ ನಡುನಡುವೆ ಹೋಗುತ್ತದೆ. ಆದ್ದರಿಂದ ಮೊದಲೇ ತೆಗೆದ ಫೋಟೋ ಕೈಯಲ್ಲಿರಲಿ. ವೀಡಿಯೊ ಮಾತಾಡಲು, ಫೋಟೋ ನೋಡಲು.

ಒಂದು ಮಾತಿನ ಬಗ್ಗೆ ಎಚ್ಚರ. ನಮ್ಮ ಕಡೆ ತುರಿಕೆಗೆ ‘ತಿಂಡಿ’ ಎನ್ನುತ್ತೇವೆ. ಕರೆ ಬೆಂಗಳೂರು, ಮೈಸೂರು ಕಡೆಯ ವೈದ್ಯರಿಗೆ ಹೋದರೆ ‘ರಾತ್ರಿ ತಿಂಡಿ ಬಾಳ ಅದ ರೀ’ ಎಂಬುದು ಅವರಿಗೆ ಊಟದ ಮಾತಾಗಿ ಕೇಳಿಸುತ್ತದೆ. ರೋಗದ ಮುಖ್ಯ ಲಕ್ಷಣವೇ ದಾಖಲಾಗದೆ ಹೋಗುತ್ತದೆ. ‘ತುರಿಕೆ’, ‘ಕೆರೆತ’ ಎನ್ನಿ, ರಾತ್ರಿ ಹೆಚ್ಚೋ ಹಗಲು ಹೆಚ್ಚೋ ಹೇಳಿ.

ಚೀಟಿ ನಡೆಯುತ್ತದೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ದೂರದಿಂದ ಚೀಟಿ ಬರೆಯಬಹುದು. ಅದರಲ್ಲಿ ಅವರ ನೋಂದಣಿ ಸಂಖ್ಯೆ, ದಿನಾಂಕ, ಸಹಿ, ನಿಮ್ಮ ಹೆಸರು, ವಯಸ್ಸು ಇರಬೇಕು. ಕ್ಲೋಟ್ರಿಮಜೋಲ್, ಮುಪಿರೊಸಿನ್, ಕ್ಯಾಲಮೈನ್, ಬೆಂಜೈಲ್ ಬೆಂಜೊಯೇಟ್‌ನಂಥವನ್ನು ಮೊದಲ ಸಲವೇ ವೀಡಿಯೊದಲ್ಲಿ ನೋಡಿ ಬರೆಯಲು ಮಾರ್ಗಸೂಚಿ ಒಪ್ಪುತ್ತದೆ. ‘ಬಂದು ತೋರಿಸಿ’ ಎಂದು ವೈದ್ಯರು ಹೇಳಿದರೆ ಹಠ ಮಾಡಬೇಡಿ. ಹಾಗೆ ಹೇಳುವುದು ಅವರ ಹಕ್ಕೂ ಹೌದು, ಕರ್ತವ್ಯವೂ ಹೌದು.

ಪ್ರಶ್ನೆ: ಏಳು ವರ್ಷದ ಮಗನ ಕೆನ್ನೆ, ತೋಳಿನ ಮೇಲೆ ಬಿಳಿಚಿದ ಮಚ್ಚೆ. ಫೋಟೋ ಕಳಿಸಿದರೆ ಕುಷ್ಠವೋ ಅಲ್ಲವೋ ಹೇಳುತ್ತಾರೆಯೇ?
– ಓದುಗರು, ಅಫಜಲಪುರ

ಉತ್ತರ: ಫೋಟೋ ನೋಡಿ ‘ಅಲ್ಲ’ ಎಂದು ಯಾರೂ ಖಚಿತವಾಗಿ ಹೇಳಬಾರದು. ಮಕ್ಕಳ ಕೆನ್ನೆಯ ಬಿಳಿಚು ಮಚ್ಚೆ ಬಹುತೇಕ ಒಣಚರ್ಮದ ಸಾಮಾನ್ಯ ತೊಂದರೆ. ಚಿಬ್ಬು ಇರಬಹುದು. ಹಾಲಿನಂತೆ ಪೂರ್ತಿ ಬಿಳಿಯಾದರೆ ತೊನ್ನು ಇರಬಹುದು. ಕುಷ್ಠದ ಗುರುತು ಬಣ್ಣದಲ್ಲಿ ಮಾತ್ರ ಇಲ್ಲ, ಮಚ್ಚೆಯ ಮೇಲೆ ಸ್ಪರ್ಶ ತಿಳಿಯದಿರುವುದರಲ್ಲಿ ಮತ್ತು ನರ ದಪ್ಪವಾಗಿರುವುದರಲ್ಲಿ ಇದೆ. ಮೊಣಕೈ ಹಿಂದಿನ ನರವನ್ನು ಬೆರಳಿಂದ ಉರುಳಿಸಿ ನೋಡುವುದು ಫೋನಿನಲ್ಲಿ ಆಗದ ಕೆಲಸ. ಮನೆಯಲ್ಲಿ ಹತ್ತಿಯ ಎಳೆಯಿಂದ ಮುಟ್ಟಿ, ಕಣ್ಣು ಮುಚ್ಚಿದ ಮಗು ಜಾಗ ತೋರಿಸುತ್ತದೆಯೇ ನೋಡಬಹುದು. ತೋಳಿನ ಮಚ್ಚೆಯಲ್ಲಿ ತೋರಿಸದಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ತೋರಿಸಿದರೂ ನಿರಾಳವಾಗಿ ಬಿಡಬೇಡಿ; ಮುಖದ ಮೇಲೆ, ಸಣ್ಣ ಮಕ್ಕಳಲ್ಲಿ ಈ ಪರೀಕ್ಷೆ ನಂಬಲು ಕಷ್ಟ. ಕುಷ್ಠವೇ ಆಗಿದ್ದರೂ ಔಷಧ ಉಚಿತ, 6 ಅಥವಾ 12 ತಿಂಗಳಲ್ಲಿ ಪೂರ್ತಿ ವಾಸಿಯಾಗುತ್ತದೆ. ಮಗು ಶಾಲೆ ಬಿಡಬೇಕಿಲ್ಲ. ಬೆರಳು ಸೊಟ್ಟಗಾಗುವುದು ತಡಮಾಡಿದವರಿಗೆ. ಈ ಹೆಸರು ಕೇಳಿದರೆ ಮನೆಯವರು ಮುಚ್ಚಿಡುತ್ತಾರೆ ಎಂಬುದು ನಮಗೆ ಗೊತ್ತು. ಮಗುವಿನ ಕೈಗಾಗಿ ದಯವಿಟ್ಟು ಮುಚ್ಚಿಡಬೇಡಿ.

ಪ್ರಶ್ನೆ: ಹಾಸ್ಟೆಲಿನಿಂದ ಬಂದ ಮಗಳಿಗೆ ರಾತ್ರಿಯಿಡೀ ತುರಿಕೆ. ಫೋನಿನಲ್ಲಿ ವೈದ್ಯರು ಕಜ್ಜಿ ಎಂದು ಹೇಳಿ ಮುಲಾಮು ಬರೆದರು. ಹಚ್ಚಿದೆವು, ಹದಿನೈದು ದಿನಕ್ಕೆ ಮತ್ತೆ ಶುರು. ಔಷಧ ನಕಲಿಯೇ?
– ಓದುಗರು, ಔರಾದ

ಉತ್ತರ: ನಕಲಿ ಎನ್ನುವ ಮೊದಲು ಹಚ್ಚಿದ ರೀತಿ ನೋಡೋಣ. ಕಜ್ಜಿ ಫೋನಿನಲ್ಲಿ ಚೆನ್ನಾಗಿ ಗುರುತು ಸಿಗುವ ರೋಗ: ಬೆರಳ ಸಂದು, ಮಣಿಕಟ್ಟಿನ ಒಳಬದಿ, ಹೊಕ್ಕುಳ ಸುತ್ತ ಗುಳ್ಳೆ, ರಾತ್ರಿ ತುರಿಕೆ, ಜೊತೆಯವರಿಗೂ ಇರುವುದು. ಆದರೆ ಮದ್ದು ಸೋಲುವುದು ಮನೆಯಲ್ಲಿ.

5 ಪ್ರತಿಶತ ಪರ್ಮೆಥ್ರಿನ್ ಮುಲಾಮನ್ನು ಗುಳ್ಳೆ ಇರುವಲ್ಲಿ ಮಾತ್ರ ಹಚ್ಚಿದರೆ ಪ್ರಯೋಜನವಿಲ್ಲ. ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಕೆಳಗೆ, ಹೊಕ್ಕುಳು, ಬೆರಳ ಸಂದು, ಗುಪ್ತಾಂಗ ಯಾವುದನ್ನೂ ಬಿಡದೆ ರಾತ್ರಿ ಹಚ್ಚಿ 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಬೇಕು. ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಏಳು ದಿನ ಬಿಟ್ಟು ಇನ್ನೊಮ್ಮೆ ಹಚ್ಚಿ. ತುರಿಕೆ ಇಲ್ಲದವರೂ ಸೇರಿ ಮನೆಯವರೆಲ್ಲ ಅದೇ ರಾತ್ರಿ ಹಚ್ಚಿಕೊಳ್ಳಬೇಕು. ಹೊಸದಾಗಿ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು, ಅಷ್ಟರಲ್ಲಿ ಅವರಿಂದ ಮಗಳಿಗೆ ಮರಳಿ ಬರುತ್ತದೆ. ಎರಡು ತಿಂಗಳ ಒಳಗಿನ ಕೂಸು, ಬಸುರಿ ಇದ್ದರೆ ವೈದ್ಯರನ್ನು ಕೇಳಿಯೇ ಹಚ್ಚಿ.

ಬೆಳಿಗ್ಗೆ ಬಟ್ಟೆ, ಹಾಸಿಗೆ ಚಾದರವನ್ನು ಬಿಸಿನೀರಿನಲ್ಲಿ ಒಗೆಯಿರಿ. ಕೌದಿ ಒಗೆಯಲಾಗದು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಮನುಷ್ಯರ ಮೈ ಬಿಟ್ಟರೆ ಕಜ್ಜಿಯ ಹುಳು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಹಾಸ್ಟೆಲಿನ ಕೋಣೆಯ ಮಕ್ಕಳೆಲ್ಲರಿಗೂ ಒಂದೇ ದಿನ ಮದ್ದು ಆಗಬೇಕು, ವಾರ್ಡನ್‌ಗೆ ಹೇಳಿ. ಹುಳು ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ಹೊಸ ಗುಳ್ಳೆ ಏಳದಿದ್ದರೆ ಮತ್ತೆ ಮತ್ತೆ ಮುಲಾಮು ಹಚ್ಚಬೇಡಿ.

ಪ್ರಶ್ನೆ: ಮಾವನವರಿಗೆ ಸರ್ಪಸುತ್ತು. ಜಾಜು (ಕೆಮ್ಮಣ್ಣು) ಹಚ್ಚಿದ್ದೇವೆ. ಫೋಟೋ ಕಳಿಸಲೇ, ಆಸ್ಪತ್ರೆಗೆ ಹೋಗಲೇ?
– ಓದುಗರು, ಸೇಡಂ

ಉತ್ತರ: ಇವತ್ತೇ ಏನಾದರೂ ಒಂದು ಮಾಡಿ. ಸರ್ಪಸುತ್ತು ವೈರಸ್ಸಿನಿಂದ ಬರುವ ರೋಗ, ಅದರ ಔಷಧ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಗುಣ. ವಯಸ್ಸಾದವರಿಗೆ ಮುಂದೆ ತಿಂಗಳುಗಟ್ಟಲೆ ಕಾಡುವುದು ನರದ ನೋವು. ಜಾಜನ್ನು ನಿಧಾನ ತೊಳೆದು ಫೋಟೋ ತೆಗೆಯಿರಿ, ಅದರ ಕೆಳಗೆ ಗುಳ್ಳೆ ಕಾಣುವುದಿಲ್ಲ. ‘ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ’ ಎಂಬುದು ನಿಜವಲ್ಲ. ಹಣೆ, ಕಣ್ಣು, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದಿದ್ದರೆ ಫೋಟೋಗೆ ಹೊತ್ತು ಕಳೆಯದೆ ಕಣ್ಣಿನ ವೈದ್ಯರ ಬಳಿ ಹೋಗಿ.

ಫೋನು ಹಿಡಿದು ಕೂರಬಾರದ ಇನ್ನಷ್ಟು ಸಂದರ್ಭಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಫಿಟ್ಸ್, ಯೂರಿಕ್ ಆ್ಯಸಿಡ್ ಅಥವಾ ಸಲ್ಫಾ ಗುಳಿಗೆ ಶುರುಮಾಡಿದ ಎರಡು ತಿಂಗಳೊಳಗೆ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಮುಟ್ಟಿದರೆ ಉರಿಯುವ ಅಥವಾ ಸುಲಿಯುವ ಚರ್ಮ ಕಂಡರೆ ಮುಂದಿನ ಗುಳಿಗೆ ನುಂಗದೆ, ಅದರ ಸ್ಟ್ರಿಪ್ ಹಿಡಿದು ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ತುಟಿ ನಾಲಿಗೆ ಊದಿ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರ ಕಾಲು ಬಿಸಿಯಾಗಿ ಕೆಂಪೇರಿ ಊತ ಮೇಲೇರುತ್ತಿದ್ದರೂ ಹಾಗೆಯೇ. ಜ್ವರದ ಜೊತೆ ನೇರಳೆ ಚುಕ್ಕೆ ಎದ್ದು, ಗಾಜಿನ ಲೋಟ ಒತ್ತಿ ನೋಡಿದರೂ ಮಾಯವಾಗದಿದ್ದರೆ ಅದೂ ತುರ್ತೇ.

ಪ್ರಶ್ನೆ: ಹೊಲಕ್ಕೆ ಹೋದಾಗಲೆಲ್ಲ ಮುಖ, ಕುತ್ತಿಗೆ, ಮೊಣಕೈ ಮಡಿಕೆ ಕಪ್ಪಾಗಿ ದಪ್ಪಗಾಗುತ್ತದೆ. ಫೋಟೋದಲ್ಲಿ ಕಾರಣ ತಿಳಿಯುತ್ತದೆಯೇ?
– ಓದುಗರು, ಭಾಲ್ಕಿ

ಉತ್ತರ: ಅನುಮಾನ ಪಡಬಹುದು, ಸಾಬೀತು ಆಗದು. ಕಾಂಗ್ರೆಸ್ ಕಸದ (ಪಾರ್ಥೇನಿಯಂ ಕಳೆಯ) ಪುಡಿ ಗಾಳಿಯಲ್ಲಿ ಬಂದು ಕೂರುವ ಜಾಗಗಳಿವು. ಕಣ್ಣಿನ ರೆಪ್ಪೆ, ಕಿವಿಯ ಹಿಂಬದಿ, ಗದ್ದದ ಕೆಳಗಿನ ಫೋಟೋ ತಪ್ಪದೆ ತೆಗೆಯಿರಿ: ಬಿಸಿಲು ತಾಗದ ಅಲ್ಲಿಯೂ ಇದ್ದರೆ ಬಿಸಿಲಿನ ಅಲರ್ಜಿಗಿಂತ ಕಸದ ಅಲರ್ಜಿ ಎಂಬ ಅನುಮಾನ ಗಟ್ಟಿಯಾಗುತ್ತದೆ. ಖಚಿತಕ್ಕೆ ಪ್ಯಾಚ್ ಪರೀಕ್ಷೆ ಬೇಕು. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಯ ಮೇಲೆ ತೆಗೆದು, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅದಕ್ಕೆ ದೊಡ್ಡ ಊರಿನ ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿವರೆಗೆ ಕಸ ಕೀಳುವ ಕೆಲಸ ಬೇರೆಯವರು ಮಾಡಲಿ, ಸುಡುವುದು ಬೇಡ. ಹೊಲದಿಂದ ಬಂದ ಕೂಡಲೇ ಸ್ನಾನ ಮಾಡಿ, ಬಟ್ಟೆಯನ್ನು ಕಸದ ಗಾಳಿ ಬೀಸುವ ಕಡೆ ಒಣಹಾಕಬೇಡಿ.

ಪ್ರಶ್ನೆ: ಮೈಯ ಮುಚ್ಚಿದ ಭಾಗದಲ್ಲಿ ತೊಂದರೆ. ಫೋಟೋ ಯಾರ ಕೈಗಾದರೂ ಸಿಕ್ಕರೆ ಎಂದು ಹೆದರಿ ಮೂರು ತಿಂಗಳು ಸುಮ್ಮನಿದ್ದೇನೆ.
– ಓದುಗರು, ಹುಮನಾಬಾದ್

ಉತ್ತರ: ನಿಮ್ಮ ಹೆದರಿಕೆಗೆ ಅರ್ಥವಿದೆ, ಸುಮ್ಮನಿರುವುದು ಮಾತ್ರ ಬೇಡ. ಆ ಭಾಗದ ಫೋಟೋ ಕೊಡಲೇಬೇಕೆಂಬ ನಿಯಮವಿಲ್ಲ. ಬಾಯಲ್ಲಿ ವಿವರಿಸಿ, ಮಹಿಳಾ ವೈದ್ಯರು ಬೇಕೆಂದು ಕೇಳಿ, ಅಥವಾ ನೇರ ಹೋಗುವ ದಿನ ಗೊತ್ತುಮಾಡಿಕೊಳ್ಳಿ. ಕಳಿಸುವುದಾದರೆ ಮುಖ, ತಾಳಿ, ಹಚ್ಚೆ, ಕೋಣೆಯ ಗುರುತು ಏನೂ ಬೀಳದಂತೆ ತೆಗೆಯಿರಿ. ಅಣ್ಣ ತಮ್ಮಂದಿರ ಫೋನು, ಮೆಡಿಕಲ್ ಅಂಗಡಿಯವರ ಫೋನು ಬೇಡ. ವೈದ್ಯರು ಹೇಳಿದ ಸಂಖ್ಯೆಗೆ ಅಥವಾ ಇ-ಸಂಜೀವಿನಿಗೆ ನೇರ ಹೋಗಲಿ. ತೆಗೆಯುವ ಮೊದಲು ಗೂಗಲ್ ಫೋಟೋಸ್‌ನ ಬ್ಯಾಕಪ್ ಆಫ್ ಮಾಡಿ, ಇಲ್ಲದಿದ್ದರೆ ಅದೇ ಖಾತೆ ಇರುವ ಮನೆಯ ಬೇರೆ ಫೋನಿನಲ್ಲೂ ಕಾಣಿಸಿಕೊಳ್ಳುತ್ತದೆ. ಕಳಿಸಿ ಮುಗಿದ ಮೇಲೆ ಗ್ಯಾಲರಿಯಿಂದ ಅಳಿಸಿ, ಆಮೇಲೆ ಟ್ರ್ಯಾಶ್ ತೆರೆದು ಅಲ್ಲಿಂದಲೂ ಅಳಿಸಿ. ಚಿಕಿತ್ಸೆಯ ದಾಖಲೆಯನ್ನು ವೈದ್ಯರು ಇಟ್ಟುಕೊಳ್ಳಬೇಕಾಗುತ್ತದೆ, ನಿಮ್ಮ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ತೋರಿಸುವಂತಿಲ್ಲ. 18ರ ಒಳಗಿನ ಮಗಳಾದರೆ ಕರೆಯ ವೇಳೆ ಹಿರಿಯರೊಬ್ಬರು ಜೊತೆಗೆ ಕುಳಿತಿರಬೇಕು.